ಬಾಯಿ ತಾಕದ ಚಿಲುಮೆ

ನನ್ನ ಸೋದರಮಾವ ಚಿಲುಮೆಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದವನು ಎಂದರೆ ನೀವು ಅವನ ಬಗ್ಗೆ ಏನೆಂದುಕೊಳ್ಳುತ್ತೀರಿ ಎಂದು ನನಗೆ ಗೊತ್ತು. ಕೆಂಪು ಕಣ್ಣು, ಕೆದರಿದ ಜಟೆ, ಸುತ್ತ ನಾಲ್ಕು ಜನ ಶಿಷ್ಯರು! ಅಲ್ಲ ಸ್ವಾಮಿ. ಬಸ್ಸಿನಲ್ಲಿ ಮೂರು ಸೀಟು ಆಚೆ ಕೂತವನ ಜೇಬಿನಲ್ಲಿ ಬೀಡಿ ಕಟ್ಟು ಇದ್ದರೆ ಸಾಕು, ಈಚೆ ಮಾವನ ಸೀನು ಶುರು. ಕುರುಗೋಡಿನಿಂದ ಬಳ್ಳಾರಿಯ ತನಕ ಸೀನಿಕೊಂಡೇ ಬಂದು, ನಮ್ಮ ಮನೆಯ ಹೊಸ್ತಿಲಲ್ಲಿ ಕೊನೆಯದೊಂದನ್ನು ಸೀನಿ, ಆಮೇಲೆ ಕ್ಷೇಮಸಮಾಚಾರ ಕೇಳುತ್ತಿದ್ದ. ಅಂಥವನು ಮೂವತ್ತು ವರ್ಷ ಚಿಲುಮೆ ಮಾರಿದ!

ಕುರುಗೋಡಿನಲ್ಲಿ ಅವನದೊಂದು ಗ್ರಂಥಿಗೆ ಅಂಗಡಿ. ಕರ್ಪೂರ, ವಿಭೂತಿ, ಬಜೆ, ಅಳಲೆಕಾಯಿ, ಮೂಲೆಯ ಬುಟ್ಟಿಯಲ್ಲಿ ಮಣ್ಣಿನ ಚಿಲುಮೆ. ರಾರಾವಿ ಕಡೆ ಹೊಳೆದಂಡೆಯಲ್ಲಿ ಒಬ್ಬ ಅಜ್ಜನ ಗದ್ದುಗೆ ಇದೆ. ಹರಕೆ ಹೊತ್ತವರು ಅಲ್ಲಿ ಐದು ಹೊಸ ಚಿಲುಮೆ ಇಟ್ಟು ಕೈಮುಗಿಯಬೇಕು. ಯಾರ ಬಾಯಿಯೂ ಅವಕ್ಕೆ ತಾಕಿರಬಾರದು. ಅವನ್ನು ಮಾಡುತ್ತಿದ್ದವಳು ಮಾವನ ಹೆಂಡತಿ, ನಮ್ಮ ಅತ್ತೆ. ಮಾವ ತಿಂಗಳಿಗೊಮ್ಮೆ ಮೋಕದ ಹತ್ತಿರ ಹಗರಿ ದಂಡೆಯಿಂದ ಒಂದು ಚೀಲ ಮಣ್ಣು ತರುವುದು, ಅತ್ತೆ ಅದನ್ನು ನಾದಿ ಕಡ್ಡಿಗೆ ಸುತ್ತಿ ಚಿಲುಮೆ ಮಾಡಿ ನೆರಳಲ್ಲಿ ಒಣಗಿಸುವುದು, ಒಣಗಿದ್ದನ್ನು ಮಾವ ಕೊಳಗಲ್ಲಿನ ಕುಂಬಾರರ ಆವಿಗೆಗೆ ಒಯ್ದು ಸುಡಿಸುವುದು. ಇದು ಅವರ ಸಂಸಾರ.

ಮಾರುವುದಾದರೂ ಹೇಗೆ ಅಂತೀರಿ? ಗಿರಾಕಿ ಬಂದ ಕೂಡಲೇ "ಕೈ ತೋರ್ಸಪಾ" ಎಂದು ಬೆರಳು ಹಿಡಿದು ಮೂಸುತ್ತಿದ್ದ. ತಂಬಾಕಿನ ವಾಸನೆ ಬಂದರೆ ಒಂದು ಸೀನು, ಗಿರಾಕಿಗೆ ಬಾಗಿಲು. ಸೇದುವವನಿಗೆ ಮಾತ್ರ ಚಿಲುಮೆ ಕೊಡದ ಚಿಲುಮೆ ಅಂಗಡಿಯನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ? ಒಮ್ಮೆ ಮಫ್ತಿಯಲ್ಲಿ ಬಂದ ಪೊಲೀಸರೊಬ್ಬರ ಕೈಯನ್ನೂ ಮೂಸಿ, ಈ ಚಟ ಬಿಡಿರೆಂದು ಅರ್ಧ ಗಂಟೆ ಬುದ್ಧಿ ಹೇಳಿ ಕಳಿಸಿದ್ದ.

ಹೀಗಿರುವಾಗ ಅತ್ತೆಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಬಲಗಾಲೂ ಸೋತಿತು. ಬೆರಳು ಆಡಿಸುತ್ತಿರಬೇಕು, ಬಿಟ್ಟರೆ ಮತ್ತೆ ಮರಗಟ್ಟುತ್ತವೆ ಎಂದರು ಡಾಕ್ಟರು. ಹಿಸುಕಲು ರಬ್ಬರ್ ಚೆಂಡು ತಂದುಕೊಟ್ಟರೆ, ತಾನೇನು ಕೂಸಲ್ಲವೆಂದು ಎಡಗೈಯಿಂದ ಎಸೆದಳು. ಮಾವ ಒಂದು ಮುದ್ದೆ ಹಸಿಮಣ್ಣು ತಂದು ಆ ಕೈಯೊಳಗೆ ಇಟ್ಟ. ಬೆರಳು ಅಲುಗಿದವು! ಆರು ತಿಂಗಳಿಗೆ ಸೊಟ್ಟ ಚಿಲುಮೆ, ವರ್ಷಕ್ಕೆ ನೆಟ್ಟಗಿನ ಚಿಲುಮೆ. ಆದರೆ ಅತ್ತೆ ಬಲು ಸ್ವಾಭಿಮಾನಿ. ಮಾಡಿದ್ದು ಮಾರಾಟವಾಗಬೇಕು. ಸುಮ್ಮನೆ ಮಣ್ಣಲ್ಲಿ ಆಡುವ ಪೈಕಿ ಅಲ್ಲ.

ಆಗಲೇ ಬಂತು ನೋಡಿ ನಿಷೇಧ. ಗುಡ್ಡದ ಹಿಂದೆ ಹುಡುಗರು ಗಾಂಜಾ ಸೇದಿ ಹಾಳಾಗುತ್ತಿದ್ದರು, ಅದು ಸುಳ್ಳಲ್ಲ. ಊರ ಹಿರಿಯರು ಅರ್ಜಿ ಬರೆದರು. ಮೊದಲ ಸಹಿ ಯಾರದು? ನಮ್ಮ ಮಾವನದೇ! ಗಾಂಜಾ ಸೇದುವ ಸಾಮಾನು ಊರಲ್ಲಿ ಮಾರಕೂಡದೆಂದು ಪುರಸಭೆಯಲ್ಲಿ ಠರಾವಾದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನೂ ಅವನೇ. ಮರುದಿನ ನೋಟಿಸನ್ನು ಅವನ ಅಂಗಡಿಯ ಬಾಗಿಲಿಗೇ ಅಂಟಿಸಿದರು. ಸುತ್ತುವ ಕಾಗದ, ಗಾಜಿನ ಕೊಳವೆ, ಹುಕ್ಕಾ ಎಂದು ತಲೆದೂಗುತ್ತ ಓದಿದವನು ನಾಲ್ಕನೆಯ ಹೆಸರಿಗೆ ಬಂದು ನಿಂತ. ಚಿಲುಮೆ!

ಅತ್ತೆಗೆ ಹೇಳಲಿಲ್ಲ. ಹೇಳಿದರೆ ಅವಳು ಮಣ್ಣು ಮುಟ್ಟುವುದಿಲ್ಲ, ಮುಟ್ಟದಿದ್ದರೆ ಕೈ ಹೋಯಿತು. ಒಣಗಿದ ಚಿಲುಮೆಗಳನ್ನು ಕೊಳಗಲ್ಲಿಗೆ ಎಂದು ಬುಟ್ಟಿಗೆ ತುಂಬಿಕೊಂಡು ಹೊರಟವನು, ಮನೆ ಸುತ್ತಿ ಬಂದು ಹಿತ್ತಿಲ ಕೊಟ್ಟಿಗೆಯ ಗೋಣಿಚೀಲದಲ್ಲಿ ಕತ್ತಲಲ್ಲೇ ಸುರಿದು ಓಡುತ್ತಿದ್ದ. ಅತ್ತೆ ಅಷ್ಟು ದೂರ ನಡೆಯಲಾರಳೆಂಬ ಧೈರ್ಯ. ಸಂಜೆ ಬಂದು, ಎಲ್ಲಾ ಖಾಲಿ ಎನ್ನುತ್ತಿದ್ದ. ಹಗಲೆಲ್ಲ ನನ್ನ ಜೊತೆ ಬಳ್ಳಾರಿಯ ಕೋರ್ಟಿನಲ್ಲಿ, ನಿಷೇಧದಿಂದ ಚಿಲುಮೆಯ ಹೆಸರು ತೆಗೆಸಲು ಹೂಡಿದ ಕೇಸಿಗೆ!

ವಕೀಲರು ಸಿರುಗುಪ್ಪದವರು. ಕಾಲುವೆ ನೀರಿನ ಜಗಳ ಬಿಟ್ಟು ಬೇರೆ ಕೇಸು ಹಿಡಿದವರಲ್ಲ. ಕಳ್ಳರು ನೀರು ಕದಿಯುತ್ತಾರೆಂದು ಕಾಲುವೆಯನ್ನೇ ಮುಚ್ಚುತ್ತೀರಾ ಎಂದು ಶುರು ಮಾಡಿದವರು, ಹೋಗಿ ಹೋಗಿ ಭತ್ತದ ನಾಟಿಗೆ ಬಂದು ನಿಂತರು. ನ್ಯಾಯಾಧೀಶರು ಅವರನ್ನು ಮೆಲ್ಲಗೆ ಗದ್ದೆಯಿಂದ ಮೇಲೆತ್ತಿ ಚಿಲುಮೆಗೆ ಕರೆತರಬೇಕಾಯಿತು.

ಪುರಸಭೆಯ ಕಡೆಯ ವಕೀಲರು ಪಾಟೀಸವಾಲಿಗೆ ಎದ್ದು ಹಳೆಯ ಅರ್ಜಿಯನ್ನು ಮಾವನ ಮೂಗಿಗೆ ಹಿಡಿದರು. ಮೊದಲ ಸಹಿ ಯಾರದೆಂದು ಕೇಳಿದರು. ತನ್ನದೇ ಎಂದ ಮಾವ. ನಿಷೇಧ ಬೇಡಿದವರೂ ನೀವೇ, ಬೇಡವೆನ್ನುವವರೂ ನೀವೇ, ಇದೇನು ತಮಾಷೆ ಎಂದು ಅವರು ಸುತ್ತ ನೋಡಿ ನಕ್ಕರು. ನಾನು ತಲೆ ತಗ್ಗಿಸಿದೆ. ಮಾವ ತಗ್ಗಿಸಲಿಲ್ಲ.

"ಮನಿಯಾಗ ಇಲಿ ಅದಾವು, ಓಡಸ್ರಿ ಅಂತ ಅರ್ಜಿ ಕೊಟ್ಟೀನ್ರಿ ಸಾಹೇಬ್ರ. ಮನ್ಯಾಗಿನವ್ರನ್ನ ಹೊರಗ ಹಾಕ್ರಿ ಅಂದಿಲ್ಲ."

ಆಮೇಲೆ ಕೊಟ್ಟಿಗೆಯ ಚೀಲದ್ದೊಂದು ಚಿಲುಮೆಯನ್ನು ಜೇಬಿನಿಂದ ತೆಗೆದು ಕೊಟ್ಟ. ಗುಮಾಸ್ತರು ಅದಕ್ಕೆ ನಂಬರಿನ ಚೀಟಿ ಕಟ್ಟಿ ನೀರಿನ ಲೋಟದ ಪಕ್ಕ ಇಟ್ಟರೋ ಇಲ್ಲವೋ, ಮಾವ ಕಟಕಟೆಯಿಂದ ಅರ್ಧ ಹೊರಗೆ ಬಂದಿದ್ದ. "ದೂರ ಇಡ್ರಿ, ಸುಟ್ಟಿಲ್ಲ ಅದು. ಒಂದು ಹನಿ ನೀರು ಬಿದ್ರ ಕರಗತೈತಿ." ನ್ಯಾಯಾಧೀಶರೇ ಲೋಟ ಸರಿಸಿದರು.

ಈ ನಡುವೆ ಮಾವನಿಗೆ ಒಂದು ಪವಾಡ ಕಂಡಿತ್ತು. ಮಣ್ಣಿನ ಚೀಲ ಖಾಲಿಯೇ ಆಗುತ್ತಿರಲಿಲ್ಲ! ತಿಂಗಳಿಗೊಂದು ಬೇಕಾಗಿದ್ದುದು ನಾಲ್ಕು ತಿಂಗಳಾದರೂ ಅರ್ಧ ಹಾಗೇ ಇದೆ. ಗದ್ದುಗೆಯ ಅಜ್ಜನೇ ತುಂಬಿಸುತ್ತಿದ್ದಾನೆಂದು ಬಸ್ಸಿನಲ್ಲಿ ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದ.

ಆ ಅಜ್ಜನನ್ನು ನಾನೊಂದು ಮಧ್ಯಾಹ್ನ ಕಣ್ಣಾರೆ ಕಂಡೆ. ವಕೀಲರಿಗೆ ಬೇಕಾದ ಕಾಗದ ಒಯ್ಯಲು ಕುರುಗೋಡಿಗೆ ಹೋಗಿದ್ದೆ. ಮನೆಯಲ್ಲಿ ಯಾರೂ ಇಲ್ಲ. ಹಿತ್ತಿಲಿಗೆ ಹೋದರೆ ಕೊಟ್ಟಿಗೆಯಲ್ಲಿ ಅತ್ತೆ! ಗೋಡೆ ಹಿಡಿದು ನಡೆದು ಬಂದು, ಗೋಣಿಚೀಲದ ಒಣ ಚಿಲುಮೆಗಳನ್ನು ಒಂದೊಂದಾಗಿ ಬಕೆಟ್ಟಿನ ನೀರಿಗೆ ಹಾಕುತ್ತಿದ್ದಳು. ಕರಗಿದ ಮಣ್ಣು ಮತ್ತೆ ಮಣ್ಣಿನ ಚೀಲಕ್ಕೆ. ನನ್ನನ್ನು ಕಂಡು ಗಾಬರಿಯಾಗಲಿಲ್ಲ.

"ಊರ ತುಂಬ ಮೈಕಿನಾಗ ಕೂಗ್ಯಾರ. ಕೈ ಹೋಗಿತ್ತು ನನಗ, ಕಿವಿ ಹೋಗಿರ್ಲಿಲ್ಲ."

ಹಾಗಾದರೆ ಮಾಡುವುದೇಕೆ ಎಂದು ಕೇಳಿದೆ.

"ನಾ ಬಿಟ್ಟೆ ಅಂದ್ರ ಅವ್ರು ಕುಸೀತಾರ. ನನ್ನ ಕೈ ಸಲುವಾಗಿ ಕೋರ್ಟಿನಾಗ ನಿಂತಾರ. ಹೇಳಬ್ಯಾಡಲೇ."

ಹೇಳಲಿಲ್ಲ. ಗಂಡ ಮುಚ್ಚಿಟ್ಟದ್ದನ್ನು ಹೆಂಡತಿ ಕರಗಿಸುವುದು, ಕರಗಿಸಿದ್ದನ್ನು ಮತ್ತೆ ಮಾಡುವುದು, ಅದನ್ನೇ ಅವನು ಮತ್ತೆ ಮುಚ್ಚಿಡುವುದು. ನಾನು ಇಬ್ಬರ ನಡುವೆ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಕೇಸು ಗೆದ್ದೆವು. ಹರಕೆಯ ಮಣ್ಣಿನ ಚಿಲುಮೆ ಮಾರಬಹುದು ಎಂದಾಯಿತು. ಆದರೆ ಪಾಪ, ನಿಷೇಧ ಬಂದದ್ದನ್ನೇ ಹೇಳದವನು ಗೆದ್ದದ್ದನ್ನು ಹೇಗೆ ಹೇಳುತ್ತಾನೆ? ಅಂದು ಸಂಜೆಯೂ ಎಲ್ಲಾ ಖಾಲಿ ಎಂದಷ್ಟೇ ಹೇಳಿದ. ಹಾಗಿದ್ದರೆ ನಾಳೆ ಹಗರಿಯಿಂದ ಹೊಸ ಮಣ್ಣು ತನ್ನಿ ಎಂದಳಂತೆ ಅತ್ತೆ, ನಗದೆ.

ಹೋದ ವರ್ಷ ಅತ್ತೆ ಹೋದಳು. ಕೊನೆಯ ವಾರದ ತನಕ ಆ ಬೆರಳು ಆಡುತ್ತಿದ್ದವು. ದಿನಕರ್ಮವೆಲ್ಲ ಮುಗಿದ ಮೇಲೆ, ಇನ್ನು ಮುಚ್ಚಿಟ್ಟು ಯಾರಿಗೇನೆಂದು, ಅಂಗಡಿಯಲ್ಲಿ ಕೂತು ಮಾವನಿಗೆ ಎಲ್ಲ ಹೇಳಿಬಿಟ್ಟೆ. ಅವನು ಸೀನಲಿಲ್ಲ, ಬೈಯಲಿಲ್ಲ. ಕೋರ್ಟಿನಿಂದ ವಾಪಸು ಬಂದ ಚಿಲುಮೆ, ನಂಬರಿನ ಚೀಟಿ ಸಮೇತ, ದೇವರ ಪಟದ ಕೆಳಗೆ ಇತ್ತು. ಅದನ್ನು ಇಳಿಸಿ ಅಂಗೈಯಲ್ಲಿ ಇಟ್ಟುಕೊಂಡು ಬೆಳಕಿಗೆ ಹಿಡಿದ. ಅತ್ತೆಯ ಹೆಬ್ಬೆರಳು ಒತ್ತಿದ ಗುರುತು ಅದರ ಮೇಲಿತ್ತು.

"ಹಂಗಾದ್ರ ಇದೊಂದನ್ನ ಆಕಿ ಎಷ್ಟು ಸಲ ಮಾಡ್ಯಾಳಲೇ?"

ಅವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಚಿಲುಮೆ ಹಿಡಿದ ಕೈಯನ್ನು ಮಾತ್ರ ಅವಸರದಿಂದ ನನ್ನ ಕಡೆ ಚಾಚಿದ.

"ಹಿಡಿಯೋ ಇದನ್ನ. ಸುಟ್ಟಿಲ್ಲ ಅದು."