ಕಾರ್ಡಿನಲ್ಲಿದ್ದಂತೆ ಕ್ರಿಕೆಟ್ಟು

ರಾಜಕುಮಾರನ ತಲೆನೋವು ಶುರುವಾದದ್ದು ಅವನ ಮಾತು ಒಮ್ಮೆ ನಿಜವಾದದ್ದರಿಂದ. ಸುಳ್ಳಾಗಿದ್ದರೆ ಇಲಕಲ್ಲಿನಲ್ಲಿ ಯಾರೂ ನೆನಪಿಡುತ್ತಿರಲಿಲ್ಲ. ಅವನ ಎಷ್ಟೋ ಮಾತುಗಳನ್ನು ಮರೆತಂತೆ ಅದನ್ನೂ ಮರೆತು ಸುಮ್ಮನಿರುತ್ತಿದ್ದರು.

ಅವನದು ಸೀರೆಯ ದಡಿಗೆ ಕಾರ್ಡು ಹೊಡೆಯುವ ಕೆಲಸ. ಕಂಪ್ಯೂಟರಿನಲ್ಲಿ ಹೂಬಳ್ಳಿ ಬರೆದು, ಅದರಂತೆ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆದು ಕೊಡುತ್ತಾನೆ. ಮಗ್ಗದ ಮೇಲೆ ಆ ಪಟ್ಟಿಗಳು ಒಂದೊಂದಾಗಿ ತಿರುಗಿ, ತೂತು ಇದ್ದಲ್ಲಿ ಎಳೆ ಎತ್ತುತ್ತವೆ, ಇಲ್ಲದಲ್ಲಿ ಬಿಡುತ್ತವೆ. ತೂತು ಸರಿ ಇದ್ದರೆ ನವಿಲು, ತಪ್ಪಿದರೆ ಕೋಳಿ. ಅದೇ ಕಂಪ್ಯೂಟರಿನಲ್ಲಿ ಕೆಲಸವಿಲ್ಲದ ಹೊತ್ತಿಗೆಂದು ಅವನು ಒಂದು ಕ್ರಿಕೆಟ್ ಆಟ ಹಾಕಿಕೊಂಡಿದ್ದ. ಹೋದ ವರ್ಷ ಹುನಗುಂದದವರ ಜೊತೆಗಿನ ವಾರ್ಷಿಕ ಪಂದ್ಯಕ್ಕೆ ಮೊದಲು, ತಮಾಷೆಗೆ, ಎರಡೂ ತಂಡದವರ ಹೆಸರು ಬರೆದು, ಅವರವರ ತಾಕತ್ತಿಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಆಟವನ್ನು ತನ್ನಷ್ಟಕ್ಕೆ ತಾನೇ ಆಡಿಕೊಳ್ಳಲು ಬಿಟ್ಟ. ಇಲಕಲ್ ಸೋತಿತು, ಕ್ಯಾಪ್ಟನ್ ಶಿವಲಿಂಗಪ್ಪ ಸಾಹುಕಾರರು ಮೊದಲ ಚೆಂಡಿಗೇ ಔಟಾದರು. ಅದನ್ನು ಅವನು ನಗುತ್ತ ಎಲ್ಲರಿಗೂ ಹೇಳಿದ. ಮರುದಿನ ಮೈದಾನದಲ್ಲೂ ಎರಡೂ ಹಾಗೆಯೇ ನಡೆದವು.

ಈ ವರ್ಷ ಪಂದ್ಯದ ದಿನ ಬೆಳಗಾಗುವುದರೊಳಗೆ ಇಡೀ ತಂಡ ಅವನ ಅಂಗಡಿಯಲ್ಲಿತ್ತು. ಸೀರೆ ಅಂಗಡಿಯ ಶಿವಲಿಂಗಪ್ಪ ಸಾಹುಕಾರರು ಅಲ್ಲಿದ್ದ ಒಂದೇ ಕುರ್ಚಿಯಲ್ಲಿ ಕುಳಿತರು, ಉಳಿದವರು ರಟ್ಟಿನ ಕಟ್ಟುಗಳ ಮೇಲೆ ಕುಳಿತರು. ಆಟ ಹಚ್ಚು ಎಂದರು. ಹಚ್ಚಿದ. ಇಲಕಲ್ ಸೋತಿತು.

ಬೇರೆ ಊರಿನವರಾಗಿದ್ದರೆ ಇದನ್ನು ಭವಿಷ್ಯ ಎಂದುಕೊಂಡು ಮುಖ ಸಣ್ಣ ಮಾಡಿಕೊಂಡು ಎದ್ದು ಹೋಗುತ್ತಿದ್ದರು. ಆದರೆ ಅಲ್ಲಿದ್ದವರೆಲ್ಲ ಮಗ್ಗದ ಸದ್ದಿನಲ್ಲಿ ಹುಟ್ಟಿ ಬೆಳೆದವರು.

"ಸೀರಿ ಕೆಟ್ಟು ಬಂದ್ರ ಮಗ್ಗ ಬೈತಾರೇನು?" ಎಂದರು ಸಾಹುಕಾರರು. "ಕಾರ್ಡ್ ತಿದ್ದಬೇಕು. ತೂತು ಎಲ್ಲಿರ್ತದೋ ಅಲ್ಲೇ ಹೂ ಏಳ್ತದ. ತಿದ್ದು."

ಇದು ಬರೀ ಆಟ, ಇದರಿಂದ ಮೈದಾನದಲ್ಲಿ ಏನೂ ಏಳುವುದಿಲ್ಲ ಎಂದು ರಾಜಕುಮಾರ ಹೇಳಿ ನೋಡಿದ. ಕೇಳುವವರು ಯಾರು? ಬೌಲರ್ ನಾಸೀರ ತನ್ನ ವೇಗಕ್ಕೆ ಇನ್ನಷ್ಟು ಅಂಕ ಹಾಕಿಸಿಕೊಂಡ. ಪಕ್ಕದ ಖಾನಾವಳಿಯ ಹೊಳಬಸಪ್ಪ ಸ್ಲಿಪ್ಪಿನಲ್ಲಿ ನಿಂತರೆ ಇಬ್ಬರ ಜಾಗ ತುಂಬುವ ಆಸಾಮಿ; ಅವನು ಓಟಕ್ಕೆ ಎಂಬತ್ತು ಕೇಳಿದ. ಆಟದಲ್ಲಿ ಹೊಟ್ಟೆ ಕಾಣುವುದಿಲ್ಲವಲ್ಲ ಎಂಬುದು ಅವನ ವಾದ. ಹೀಗೆ ಎಲ್ಲರೂ ಸಂತೆಯಲ್ಲಿ ಚೌಕಾಶಿ ಮಾಡಿದಂತೆ ಅಂಕ ಏರಿಸಿಕೊಂಡರು. ಮತ್ತೆ ಹಚ್ಚಿದ. ಮತ್ತೆ ಸೋತರು, ಈ ಸಲ ಮೊದಲಿಗಿಂತ ಸ್ವಲ್ಪ ಮರ್ಯಾದೆಯಿಂದ. ಹೊಟ್ಟೆ ಹಸಿದಿದೆ, ತಲೆ ಓಡುತ್ತಿಲ್ಲ ಎಂದು ಎಲ್ಲರೂ ಹೊಳಬಸಪ್ಪನ ಖಾನಾವಳಿಗೆ ಮಿರ್ಚಿ, ಚುರಮುರಿ ತಿನ್ನಲು ಹೋದರು.

ಅಂಗಡಿಯಲ್ಲಿ ರಾಜಕುಮಾರ ಒಬ್ಬನೇ ಉಳಿದ. ತಂಡದಲ್ಲಿ ಅವನು ಹನ್ನೆರಡನೆಯವನು. ಮೀಸೆ ಚಿಗುರಿದಾಗಿನಿಂದ ಹಿಡಿದು ಈಗ ಅದರಲ್ಲಿ ಬಿಳಿ ಕೂದಲು ಕಾಣಿಸುವವರೆಗೂ ಅವನು ಅದೇ ಸ್ಥಾನದಲ್ಲಿದ್ದ. ನೀರಿನ ಕ್ಯಾನು ಹೊತ್ತು ಒಳಗೆ ಓಡುವುದು, ಖಾಲಿ ಕ್ಯಾನು ಹೊತ್ತು ಹೊರಗೆ ಓಡುವುದು. ಹೆಚ್ಚಿನ ಆಸೆಯೇನೂ ಅವನಿಗಿರಲಿಲ್ಲ. ಮೈದಾನದ ನಡುವೆ ನಿಂತು ಒಂದು ಚೆಂಡು, ಒಂದೇ ಒಂದು ಚೆಂಡು, ಬ್ಯಾಟಿಗೆ ತಾಗಿದ ಸದ್ದು ಕೇಳಬೇಕು. ಅಷ್ಟಕ್ಕಾಗಿ ಅವನು ಎಷ್ಟೋ ವರ್ಷ ಒಳಗೊಳಗೇ ಅತ್ತಿದ್ದಾನೆ.

ಅವನು ಹೊಳಬಸಪ್ಪನ ಹೆಸರು ತೆಗೆದು ತನ್ನ ಹೆಸರು ಬರೆದ. ಬ್ಯಾಟಿಂಗಿಗೆ ತೊಂಬತ್ತೊಂಬತ್ತು ಹಾಕಿದ. ಆಟ ಹಚ್ಚಿದ. ಇಲಕಲ್ ಗೆದ್ದಿತು, ರಾಜಕುಮಾರ ಮೂವತ್ತೊಂದು, ನಾಟೌಟ್.

ತಿಂದು ಬಂದವರು ಪರದೆಯ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದಿದರು. ಹೊಳಬಸಪ್ಪನ ಮಿರ್ಚಿ ಇನ್ನೂ ಅವರ ಬಾಯಲ್ಲಿತ್ತು. ಆದರೂ ಸಾಹುಕಾರರು ಅದನ್ನು ನುಂಗಿಕೊಂಡು, ಈ ಸಲ ನೀರು ನೀನು ನೋಡಿಕೋ ಎಂದು ಹೊಳಬಸಪ್ಪನಿಗೆ ಹೇಳಿಯೇಬಿಟ್ಟರು. ಆಮೇಲೆ ಆಟದ ಸ್ಕೋರನ್ನು ಪ್ರಿಂಟ್ ಹಾಕಿಸಿ ಮಡಚಿ ಜೇಬಿಗಿಟ್ಟುಕೊಂಡರು. ಅದು ಯಾಕೆ ಎಂದು ರಾಜಕುಮಾರ ಆಗ ಕೇಳಲಿಲ್ಲ.

ಬಿಳಿ ಪ್ಯಾಂಟು ಹುಡುಕಲು ಮನೆಗೆ ಹೋದಾಗ ಹೆಂಡತಿ ಮಹಾನಂದಾ ವಿಷಯ ಕೇಳಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ಅವನು ಹೊರಗೆ ಹೋದ ಮೇಲೂ ನಗು ನಿಲ್ಲಲಿಲ್ಲ. ಒಬ್ಬಳೇ ಎಷ್ಟೆಂದು ನಗುವುದು ಎಂದು ಹುನಗುಂದದಲ್ಲಿದ್ದ ಅಕ್ಕನಿಗೆ ಫೋನ್ ಹಚ್ಚಿ, "ಇವತ್ತ ನಮ್ಮವ್ರು ಮೂವತ್ತೊಂದು ಹೊಡೀತಾರಂತ, ಮಷೀನ್ ಹೇಳೇತಿ," ಎಂದಳು. ಅಕ್ಕನ ಪಕ್ಕದ ಮನೆಯವರೇ ಹುನಗುಂದ ತಂಡದ ಕ್ಯಾಪ್ಟನ್ ಈರಪ್ಪ ವಕೀಲರು. ಸುದ್ದಿ ಗೋಡೆ ದಾಟಿ ಅವರ ಮನೆ ಸೇರಿತು. ಜೊತೆಗಿದ್ದ ನಗು ಮಾತ್ರ ದಾರಿಯಲ್ಲೇ ಉದುರಿಹೋಯಿತು. ಹೋದ ವರ್ಷ ಈ ಮಷೀನು ಏನು ಹೇಳಿತ್ತು, ಏನಾಯಿತು ಎಂಬುದು ವಕೀಲರಿಗೂ ಗೊತ್ತಿತ್ತು.

ಹುನಗುಂದದ ಮೈದಾನದಲ್ಲಿ ಮೊದಲು ಆತಿಥೇಯರು ಆಡಿ ಮುಗಿಸಿದರು. ಗುರಿ ದೊಡ್ಡದೇನಲ್ಲ, ಮನಸ್ಸಿಟ್ಟು ಆಡಿದರೆ ಮುಟ್ಟಬಹುದಾದದ್ದೇ. ಆಗ ಸಾಹುಕಾರರು ಜೇಬಿನಿಂದ ಆ ಹಾಳೆ ತೆಗೆದು ಒಬ್ಬೊಬ್ಬರಿಗೂ ಅವರವರ ರನ್ನು ಓದಿ ಹೇಳಿದರು. ಅಷ್ಟು ಹೊಡೆದು ಬರಬೇಕು. ಒಂದು ಕಮ್ಮಿ ಇಲ್ಲ, ಒಂದು ಜಾಸ್ತಿಯೂ ಇಲ್ಲ.

ರಾಜಕುಮಾರ ಹಾಳೆಗೆ ಕೈ ಚಾಚಿದ. "ಸಾಹುಕಾರ್ರ, ಹಂಗ ಆಡಬಾರದ್ರಿ. ಆಗೂದ ಆಗ್ಲಿ, ಹೊಡಿಯಾಂವ ಹೊಡೀಲಿ."

"ನಡು ಒಂದು ಎಳಿ ತಪ್ಪಿದ್ರ ಕಡೀಕೆ ನವಿಲಿನ ಕುತ್ತಗಿ ಸೊಟ್ಟ ಆಗ್ತದ," ಎಂದರು ಅವರು. "ಅದನ್ನ ನನಗ ಕಲಿಸಿದಾಂವ ನೀನ."

ಆರಂಭದ ಆಟಗಾರ ಪ್ರಭು ಆ ದಿನ ಜೀವಮಾನದಲ್ಲೇ ಆಡದಷ್ಟು ಚೆನ್ನಾಗಿ ಆಡುತ್ತಿದ್ದ. ಹದಿನಾಲ್ಕಕ್ಕೆ ಬಂದ ಕೂಡಲೇ ಹೊರಗೆ ಹಾಳೆಯತ್ತ ನೋಡಿ, ಬ್ಯಾಟು ಪಕ್ಕಕ್ಕೆ ಸರಿಸಿ, ಚೆಂಡಿಗೆ ದಾರಿ ಬಿಟ್ಟು ಔಟಾದ. ಸಾಹುಕಾರರ ಹೆಸರಿನ ಮುಂದೆ ಸೊನ್ನೆ ಇತ್ತು. ಅವರು ಗಂಭೀರವಾಗಿ ಹೋಗಿ, ಗಂಭೀರವಾಗಿ ಸ್ಟಂಪು ಬಿಟ್ಟುಕೊಟ್ಟು, ಕರ್ತವ್ಯ ಮುಗಿಸಿದ ಮುಖದಲ್ಲಿ ಬಂದು ಕುಳಿತರು. ಕೆಲವರು ತಮ್ಮ ಅಂಕ ಮುಟ್ಟುವ ಮೊದಲೇ ನಿಜವಾಗಿ ಔಟಾದರು. ಅವರು ಬಂದು ರಾಜಕುಮಾರನನ್ನೇ ದುರುಗುಟ್ಟಿ ನೋಡಿದರು. ಹಾಳೆ ನಂಬಬೇಡಿ ಎಂದು ಹೇಳೋಣವೆಂದರೆ ತನಗೆ ತಾನೇ ತೊಂಬತ್ತೊಂಬತ್ತು ಹಾಕಿಕೊಂಡ ಗುಟ್ಟೂ ಹೊರಬೀಳುತ್ತಿತ್ತು.

ಓವರಿನ ಕೊನೆಯ ಚೆಂಡಿಗೆ ಒಬ್ಬ ಔಟಾದಾಗ ಅವನ ಸರದಿ ಬಂತು. ಕ್ರೀಸಿಗೆ ಹೋಗಿ ನಾನ್‌ಸ್ಟ್ರೈಕರ್ ತುದಿಯಲ್ಲಿ ನಿಂತು, ಒಂದೂ ಚೆಂಡು ಎದುರಿಸದೆ, ಮೂವರು ಒಂದೇ ಓವರಿನಲ್ಲಿ ಆಚೆ ತುದಿಯಲ್ಲಿ ಆಜ್ಞಾಧಾರಕರಾಗಿ ಔಟಾಗುವುದನ್ನು ಅವನು ನೋಡಿದ. ಕೊನೆಗೆ ಉಳಿದವನು ನಾಸೀರ. ಗೆಲ್ಲಲು ಇನ್ನೂ ಇಪ್ಪತ್ತೈದು ಬೇಕಿತ್ತು. ನಾಸೀರ ತನ್ನ ಪಾಲಿನ ಒಂದು ರನ್ನು ಓಡಿ ಬಂದು, "ನಂದು ಮುಗೀತಪಾ, ಇನ್ನ ನಿಂದು," ಎಂದು ಬ್ಯಾಟಿನ ಮೇಲೆ ಗದ್ದವಿಟ್ಟು ನಿಂತುಬಿಟ್ಟ.

ಆ ಓಟದಿಂದ ತುದಿ ಬದಲಾಗಿತ್ತು. ಈಗ ರಾಜಕುಮಾರ ಎದುರಿಗೆ. ಭಯವಿತ್ತು, ಆದರೆ ಬ್ಯಾಟು ನೆಲಕ್ಕೆ ಊರಿದಾಗ ಭಯಕ್ಕಿಂತ ಸಂತೋಷವೇ ದೊಡ್ಡದಾಯಿತು. ಗೆಲುವು ಹಾಳಾಗಿಹೋಗಲಿ, ಒಂದು ಚೆಂಡು ತಾಗಿದರೆ ಸಾಕು ಎಂದುಕೊಂಡ.

ಈರಪ್ಪ ವಕೀಲರು ಬೌಲರನನ್ನು ಪಕ್ಕಕ್ಕೆ ಕರೆದರು. ಅವರು ಹುನಗುಂದದ ಕೋರ್ಟಿನಲ್ಲಿ ಹೆಸರು ಮಾಡಿದ್ದೇ ವಾಯಿದೆ ತೆಗೆದುಕೊಳ್ಳುವುದರಲ್ಲಿ. ಸೋಲುವ ಕೇಸನ್ನು ಮುಂದೆ ಹಾಕುತ್ತಾ ಹೋದರೆ ಎದುರಿನವನು ಒಂದಿಲ್ಲೊಂದು ದಿನ ದಣಿಯುತ್ತಾನೆ ಎಂಬುದು ಅವರ ಅನುಭವ. "ಅವನ ಬ್ಯಾಟಿಗೆ ಸಿಗಂಗ ಹಾಕಬ್ಯಾಡ. ವೈಡ್ ಹಾಕಿದ್ರ ಒಂದ ಹೋಗ್ತದ, ಅಂವ ಹೊಡದ್ರ ಆರು ಹೋಗ್ತದ," ಎಂದು ಅವರು ತಿಳಿಹೇಳಿದರು.

ಮೊದಲ ಚೆಂಡು ದೂರ ಹೋಯಿತು. ಎರಡನೆಯದು ಇನ್ನೂ ದೂರ. ವೈಡ್ ಹಾಕಿದರೆ ಚೆಂಡು ಲೆಕ್ಕಕ್ಕಿಲ್ಲ, ಓವರು ಮುಗಿಯುವುದಿಲ್ಲ, ಎದುರಿಗೆ ನಿಂತವನು ಬದಲಾಗುವುದಿಲ್ಲ ಎಂಬುದು ವಕೀಲರಿಗೆ ಹೊಳೆಯಲಿಲ್ಲವೋ, ಹೊಳೆದರೂ ಇನ್ನೊಂದು ವಾಯಿದೆ ನೋಡೋಣ ಎಂದುಕೊಂಡರೋ. ಕೆಲವು ಚೆಂಡು ಕೀಪರನನ್ನೂ ದಾಟಿ ಗೆರೆಯಾಚೆ ಹೋದವು. ರಾಜಕುಮಾರ ಪ್ರತಿಯೊಂದಕ್ಕೂ ಬ್ಯಾಟು ಬೀಸಿದ, ಹಾರಿದ, ಅಡ್ಡ ಬಿದ್ದ. ಒಮ್ಮೆ ಕ್ರೀಸು ಬಿಟ್ಟು ಚೆಂಡಿನ ಹಿಂದೆ ಓಡಲು ಹೋಗಿ ಹೆದರಿ ವಾಪಸು ಬಂದ. "ನೇರ ಹಾಕ್ರಿ, ಒಂದ ಹಾಕ್ರಿ," ಎಂದು ಅವನು ಬೇಡಿಕೊಂಡಾಗ ಅದನ್ನು ಹುನಗುಂದದವರು ಸವಾಲು ಎಂದುಕೊಂಡು ಇನ್ನಷ್ಟು ದೂರ ಹಾಕಿದರು.

ಕೊನೆಯ ವೈಡಿಗೆ ಅಂಪೈರು ಎರಡೂ ಕೈ ಚಾಚಿದರು. ಇಲಕಲ್ ಗೆದ್ದಿತು. ರಾಜಕುಮಾರ ಸೊನ್ನೆ, ನಾಟೌಟ್.

ಎಲ್ಲರೂ ಅವನನ್ನು ಎತ್ತಿಕೊಂಡು ಕುಣಿದರು. ಬ್ಯಾಟಿನ ಮೇಲೆ ಚೆಂಡಿನ ಒಂದು ಗುರುತೂ ಇಲ್ಲ ಎಂದು ಅವನೊಬ್ಬನೇ ಮೇಲಿನಿಂದ ನೋಡುತ್ತಿದ್ದ. ಇರಲಿ, ಹೆಸರಂತೂ ಆಯಿತು, ಮುಂದಿನ ವರ್ಷ ಜಾಗ ಗಟ್ಟಿ. ಆಗ ಸಿಕ್ಕೇ ಸಿಗುತ್ತದೆ ಒಂದು ಚೆಂಡು ಎಂದು ಸಮಾಧಾನ ಮಾಡಿಕೊಂಡ.

ಇಲಕಲ್ಲಿಗೆ ಹೊರಟ ಗಾಡಿಯಲ್ಲಿ ಸಾಹುಕಾರರು ಅವನನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಮುಂದಿನ ವರ್ಷವೂ ಹಾಳೆಯಲ್ಲಿ ಅವನ ಹೆಸರು ಇದ್ದೇ ಇರುತ್ತದೆ, ಅದನ್ನು ಹುನಗುಂದಕ್ಕೆ ಮೊದಲೇ ಕಳಿಸುತ್ತೇವೆ ಎಂದರು. ರಾಜಕುಮಾರನ ಕಣ್ಣು ತುಂಬಿದವು.

"ಆದ್ರ ನೀ ಆಡೂದು ಬ್ಯಾಡ," ಎಂದರು ಅವರು ದನಿ ತಗ್ಗಿಸಿ. "ನೀ ಬೀಸೂದು ನಾ ನೋಡೇನಿ. ಒಂದ ಬಾಲ್ ನೇರ ಬಂದಿದ್ರ ನಮ್ಮ ಮಾನ ಹೋಗ್ತಿತ್ತು. ನೀ ಪ್ಯಾಡ್ ಕಟ್ಟಿಕೊಂಡು ಹೊರಗ ಕುಂದ್ರು. ಇನ್ನ ಬರ್ತಾನ, ಇನ್ನ ಬರ್ತಾನ ಅಂತ ಅವ್ರು ಹೆದರಕೋತ ಇರ್ಲಿ. ಅಲ್ಲೀತನಕಾ ಸುಮ್ನ ಯಾಕ ಕುಂದ್ರತಿ?"

ಹಿಂದಿನ ಸೀಟಿನಿಂದ ಹೊಳಬಸಪ್ಪ, ಭುಜ ನೋಯುತ್ತಿದೆ ಎನ್ನುತ್ತಾ, ನೀರಿನ ಕ್ಯಾನನ್ನು ಅವನ ತೊಡೆಯ ಮೇಲೆ ಇಟ್ಟ. ನಾಸೀರನಿಗೆ ಬಾಯಾರಿಕೆಯಾಗಿತ್ತು. ಅವನು ಬಾಯಿ ತೆರೆಯುವ ಮೊದಲೇ ರಾಜಕುಮಾರನ ಕೈ ಮುಚ್ಚಳ ತಿರುಗಿಸತೊಡಗಿತ್ತು.