ಒಂಬತ್ತನೇ ಗುಂಪಿನ ಪ್ರಯಾಣಿಕ

ಎಲ್ಕ್ ಬ್ಲಫ್ ನಗರಕ್ಕೆ ವಾಸಕ್ಕೆ ಬರುವ ಪ್ರತಿಯೊಬ್ಬರೂ ಬಂದ ಮೂವತ್ತು ದಿನಗಳೊಳಗಾಗಿ ನೀರಿನ ಸಂಪರ್ಕ, ಕಸದ ಡಬ್ಬಿ ಮತ್ತು ಒಂದು ವಿಮಾನ ಸಂಸ್ಥೆಯನ್ನು ಹೊಂದತಕ್ಕದ್ದು. ಮೊದಲಿನ ಎರಡಕ್ಕೆ ವಿನಾಯಿತಿ ಉಂಟು. ಊರಾಚೆಯವರು ಬಾವಿ ತೋಡಿಕೊಳ್ಳಬಹುದು, ಕಸ ಸುಟ್ಟುಕೊಳ್ಳಬಹುದು. ನಾನು ವಿಮಾನ ನಿಲ್ದಾಣ ಮಂಡಳಿಯ ಕಾರ್ಯದರ್ಶಿಯಾಗಿರುವ ಈ ಹತ್ತೊಂಬತ್ತು ವರ್ಷಗಳಲ್ಲಿ ಮೂರನೆಯದಕ್ಕೆ ವಿನಾಯಿತಿ ಕೇಳಿದವರು ಒಬ್ಬರೇ. ಅರ್ಜಿ ಪರಿಶೀಲನೆಯಲ್ಲಿರುವಾಗಲೇ ಅವರು ತೀರಿಕೊಂಡದ್ದರಿಂದ ತೀರ್ಮಾನದ ಅಗತ್ಯ ಬೀಳಲಿಲ್ಲ.

ಒಂದೇ ವಿಮಾನ ಸಂಸ್ಥೆಗೆ ನಿಷ್ಠರಾಗಿರಬೇಕೆಂಬ ಇಂಥ ನಿಯಮಕ್ಕೆ ಕಾರಣವಿದೆ. ನಮ್ಮ ನಿಲ್ದಾಣಕ್ಕೆ ಎರಡು ಗೇಟುಗಳು. ಒಂದರಿಂದ ಪ್ರೇರಿ ಕ್ರೌನ್ ಸಂಸ್ಥೆಯ ಐವತ್ತು ಸೀಟಿನ ವಿಮಾನ ದಿನಕ್ಕೊಮ್ಮೆ ಡೆನ್ವರ್‌ಗೆ ಹೋಗಿಬರುತ್ತದೆ. ಇನ್ನೊಂದರಿಂದ ಬ್ಲೂ ಮೆರಿಡಿಯನ್ ಸಂಸ್ಥೆಯದು ಮಂಗಳವಾರ ಮತ್ತು ಶನಿವಾರ ಮಿನಿಯಾಪೊಲಿಸ್‌ಗೆ ಹೋಗುತ್ತದೆ, ಮನಸ್ಸಿದ್ದರೆ. ಪ್ರತಿ ಸಲ ಮೂವತ್ತೈದು ಸೀಟು ತುಂಬದಿದ್ದರೆ ಊರು ಬಿಡುತ್ತೇವೆ ಎಂದು ಎರಡೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪತ್ರ ಬರೆಯುತ್ತವೆ. ಹಿಂದೆ ಮೂರನೇ ಸಂಸ್ಥೆಯೊಂದು ಹಾಗೆ ಬಿಟ್ಟುಹೋದಾಗ ಶಾಲೆಗೆ ರಜೆ ಕೊಟ್ಟು ಬಾವುಟವನ್ನು ಅರ್ಧಕ್ಕೆ ಇಳಿಸಿದ್ದೆವು.

ದಕ್ಷಿಣಕ್ಕೆ ಎರಡು ಗಂಟೆ ಕಾರು ಓಡಿಸಿದರೆ ಒಂದು ದೊಡ್ಡ ಊರಿದೆ. ಅಲ್ಲಿಂದ ಎಲ್ಲ ಕಡೆಗೂ ನೇರ ವಿಮಾನ. ಮಂಡಳಿಯ ನಡಾವಳಿಯಲ್ಲಿ ಆ ಊರಿನ ಹೆಸರು ಬರೆಯುವಂತಿಲ್ಲ, ಆದ್ದರಿಂದ ಇಲ್ಲಿಯೂ ಬರೆಯುವುದಿಲ್ಲ. ನಮ್ಮವರು ಅಲ್ಲಿಗೆ ಹೋಗಿ ವಿಮಾನ ಹತ್ತುವುದನ್ನು ಸೋರಿಕೆ ಎನ್ನುತ್ತೇವೆ. ಸೋರಿಕೆ ತಡೆ ಸಮಿತಿ ಹೆದ್ದಾರಿಯ ಪಕ್ಕ ಡೇರೆಯ ಕೆಳಗೆ ಮೇಜು ಹಾಕಿಕೊಂಡು ಕೂರುತ್ತದೆ. ಯಾರನ್ನೂ ತಡೆಯುವ ಅಧಿಕಾರ ಸಮಿತಿಗಿಲ್ಲ. ಹೋಗುವವರಿಗೂ ಬರುವವರಿಗೂ ಅದು ಕಾಫಿ ಕೊಡುತ್ತದೆ, ಏಪ್ರಿಕಾಟ್ ತುಂಬಿದ ಕೊಲಾಚಿ ಎಂಬ ಸಿಹಿ ಬನ್ನು ಕೊಡುತ್ತದೆ, ಮನೆಯವರೆಲ್ಲ ಚೆನ್ನಾಗಿದ್ದಾರಾ ಎಂದು ಕೇಳುತ್ತದೆ. ಅಷ್ಟಾದ ಮೇಲೆ ಮುಂದಕ್ಕೆ ಹೋಗಲು ನಮ್ಮ ಊರಿನವರಿಗೆ ಮನಸ್ಸು ಬರುವುದಿಲ್ಲ. ಹೋಗಿಯೇ ಬಿಟ್ಟವರ ಹೆಸರು ಗುರುವಾರದ ಪತ್ರಿಕೆಯಲ್ಲಿ, ಕಳೆದುಹೋದ ನಾಯಿಗಳ ಪಟ್ಟಿಯ ಕೆಳಗೆ ಅಚ್ಚಾಗುತ್ತದೆ. ಹಾಗಾಗಿ ಸೋರುವವರು ಸೂಟ್‌ಕೇಸಿನ ಮೇಲೆ ಕಂಬಳಿ ಹೊದಿಸಿ, ಸೋಫಾ ಕೊಳ್ಳಲು ಹೊರಟಿದ್ದೇವೆ ಎನ್ನುತ್ತಾರೆ. ನಾನೂ ಒಮ್ಮೆ ಸೋಫಾ ಕೊಳ್ಳಲು ಹೋಗಿದ್ದೆ. ಅದು ಈ ವರದಿಗೆ ಸಂಬಂಧಿಸಿದ್ದಲ್ಲ.

ವೆಂಡೆಲ್ ಪ್ರಾಕ್ಟರ್ ಮತ್ತು ಅವರ ಹೆಂಡತಿ ಲೊರೇನ್ ಶಿಕಾಗೊ ಬಿಟ್ಟು ಇಲ್ಲಿಗೆ ಬಂದದ್ದು ಕಳೆದ ವರ್ಷದ ಏಪ್ರಿಲ್‌ನಲ್ಲಿ. ಲೊರೇನ್ ಅವರಿಗೆ ನಮ್ಮ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಸಿಕ್ಕಿತ್ತು. ವೆಂಡೆಲ್ ಅವರು ಹಲ್ಲಿನ ಡಾಕ್ಟರುಗಳ ಕುರ್ಚಿ ಮಾರುತ್ತ ಹನ್ನೊಂದು ವರ್ಷ ವಾರಕ್ಕೆರಡು ಸಲ ಹಾರಾಡಿ, ಒಂದು ದೊಡ್ಡ ವಿಮಾನ ಸಂಸ್ಥೆಯಲ್ಲಿ, ಪದೇಪದೇ ಹಾರುವವರಿಗೆ ಕೊಡುವ ನೀಲಮಣಿ ದರ್ಜೆಗೆ ಏರಿದ್ದವರು. ಆ ಸಂಸ್ಥೆ ನಮ್ಮ ಊರಿಗೆ ಬರುವುದಿಲ್ಲ. ಈಗ ಅವರು ಮನೆಯಲ್ಲೇ ಕೂತು ಫೋನಿನಲ್ಲಿ ಕುರ್ಚಿ ಮಾರುತ್ತಿದ್ದರು, ಹಾರುವ ಅಗತ್ಯವೇ ಇರಲಿಲ್ಲ. ಆದರೂ ಮನುಷ್ಯ ಯಾವುದಾದರೂ ಒಂದಕ್ಕೆ ನಿಷ್ಠನಾಗಿರಬೇಕು ಎಂದು ಅವರು ನನಗೆ ಹೇಳಿದಾಗ, ಇಂಥವರು ನಮ್ಮ ಊರಿಗೆ ಬೇಕು ಎಂದು ನನಗನಿಸಿತು.

ಇಪ್ಪತ್ತನೇ ದಿನ ಇಬ್ಬರೂ ಕಚೇರಿಗೆ ಬಂದರು. ವೆಂಡೆಲ್ ಅವರ ಕೈಯಲ್ಲಿ ಹದಿನಾರು ಪುಟಗಳ ತುಲನಾ ಪಟ್ಟಿ. ಮಂಡಳಿಯ ಅಧ್ಯಕ್ಷರಾದ ಆರ್ಲೋ ಟೊಲೆಫ್ಸನ್ ಕೂಡ ಇದ್ದರು. ಅವರಿಗೆ ಟ್ರ್ಯಾಕ್ಟರ್ ಟೈರಿನ ಅಂಗಡಿಯಿದೆ, ಸಮಾಧಾನದ ಮನುಷ್ಯ.

ಲೊರೇನ್ ನೇರವಾಗಿ ಕೇಳಿದರು. “ನಮ್ಮ ಮಗಳು ಟೆಸ್ ಬಾಸ್ಟನ್‌ನಲ್ಲಿದಾಳೆ. ಅಕ್ಟೋಬರ್‌ಗೆ ಹೆರಿಗೆ. ಬೇಗ ಅಲ್ಲಿಗೆ ಮುಟ್ಟಿಸೋದು ಇದರಲ್ಲಿ ಯಾವುದು?”

“ಎರಡೂ ಮುಟ್ಟಿಸ್ತವೆ” ಎಂದರು ಆರ್ಲೋ. “ಬೇಗ ಅನ್ನೋದು ಅವರವರ ಮನಸ್ಸಿಗೆ ಬಿಟ್ಟಿದ್ದು.”

“ಬಾಸ್ಟನ್ ಇರೋದು ಪೂರ್ವಕ್ಕೆ. ಡೆನ್ವರ್ ಪಶ್ಚಿಮಕ್ಕಲ್ವಾ?”

“ಹೌದಮ್ಮ. ಮೊದಲು ಪಶ್ಚಿಮಕ್ಕೆ ಹೋಗಿ, ಆಮೇಲೆ ಪೂರ್ವಕ್ಕೆ. ಹೋಗ್ತಾ ನಮ್ಮ ಊರಿನ ಮೇಲೇ ಹಾರುತ್ತೆ. ಕಿಟಕಿ ಸೀಟು ಸಿಕ್ಕಿದ್ರೆ ನಿಮ್ಮ ಮನೇನೂ ಕಾಣುತ್ತೆ.”

“ಅದೇ ದಕ್ಷಿಣಕ್ಕೆ ಎರಡು ಗಂಟೆ ಕಾರಲ್ಲಿ ಹೋದ್ರೆ, ನೇರ ವಿಮಾನ—”

ಆರ್ಲೋ ಕೊಲಾಚಿಯ ತಟ್ಟೆಯನ್ನು ಅವರ ಕಡೆ ಸರಿಸಿದರು. ನಡಾವಳಿಯಲ್ಲಿ ನಾನು “ಹವಾಮಾನದ ಬಗ್ಗೆ ಚರ್ಚಿಸಲಾಯಿತು” ಎಂದು ಬರೆದುಕೊಂಡೆ.

ನಿಯಮದ ಪ್ರಕಾರ ವೆಂಡೆಲ್ ಅವರು ಎರಡೂ ಸಂಸ್ಥೆಗಳಲ್ಲಿ ಒಂದೊಂದು ಸಲ ಹಾರಿ ನೋಡಿದರು. ಬ್ಲೂ ಮೆರಿಡಿಯನ್ ಅವರಿಗೆ ವಿಶೇಷ ವಿಶ್ರಾಂತಿ ಕೊಠಡಿ ಕೊಡುತ್ತೇನೆಂದಿತು. ಕೊಠಡಿ ಎಂದರೆ ಸೋಡಾ ಯಂತ್ರದ ಪಕ್ಕದ ಎರಡು ಕುರ್ಚಿಗಳ ಸುತ್ತ ಕಟ್ಟಿದ ಹಗ್ಗ. ಪ್ರೇರಿ ಕ್ರೌನ್ ಏನನ್ನೂ ಕೊಡುತ್ತೇನೆನ್ನಲಿಲ್ಲ. ಆದರೆ ಅಲ್ಲಿ ವಿಮಾನ ಹತ್ತಿಸುವಾಗ ಒಂದು ಘಟನೆ ನಡೆಯಿತು.

“ಒಂದನೇ ಗುಂಪಿನ ಕಿರೀಟ ದರ್ಜೆಯ ಗೌರವಾನ್ವಿತ ಪ್ರಯಾಣಿಕರು ದಯವಿಟ್ಟು ಬರಬೇಕು” ಎಂದು ಘೋಷಣೆಯಾಯಿತು. ಗೇಟಿನಲ್ಲಿದ್ದ ನಲವತ್ತೆರಡು ಮಂದಿಯಲ್ಲಿ ನಲವತ್ತೊಂದು ಮಂದಿ ಎದ್ದರು. ಅವರಲ್ಲಿ ನಾನಿದ್ದೆ, ಆರ್ಲೋ ಇದ್ದರು, ಪಾದ್ರಿಗಳಿದ್ದರು, ಇಬ್ಬರು ಕೇಶವಿನ್ಯಾಸದವರಿದ್ದರು. ಎಲ್ಲರ ಚೀಲಕ್ಕೂ ಕಿತ್ತಳೆ ಬಣ್ಣದ ಕಿರೀಟದ ಬಿಲ್ಲೆ. ಸಾಲು ನಿಂತು ಹತ್ತಲು ಇಪ್ಪತ್ತೈದು ನಿಮಿಷ ಬೇಕಾಯಿತು. ಆಮೇಲೆ ಎರಡನೇ ಗುಂಪು, ಮೂರನೇ ಗುಂಪು ಎಂದು ಒಂದೊಂದನ್ನೇ ಕರೆದು, ಯಾರೂ ಬಾರದಿದ್ದರೂ ನಿಯಮದಂತೆ ಒಂದೊಂದು ನಿಮಿಷ ಕಾದು, ಕೊನೆಗೆ ಒಂಬತ್ತನೇ ಗುಂಪನ್ನು ಕರೆದರು. ಖಾಲಿ ಹಾಲಿನಲ್ಲಿ ಒಬ್ಬರೇ ಕೂತಿದ್ದ ವೆಂಡೆಲ್ ಎದ್ದು ಬಂದರು. ವಿಮಾನದಲ್ಲಿ ತಲೆಯ ಮೇಲೆ ಚೀಲ ಇಡುವ ಗೂಡುಗಳೆಲ್ಲ ತುಂಬಿದ್ದವು. ಹನ್ನೊಂದು ವರ್ಷ ನೀಲಮಣಿಯಾಗಿದ್ದ ಮನುಷ್ಯ ತಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಡೆನ್ವರ್‌ವರೆಗೂ ಕೂತಿದ್ದರು. ನನಗೆ ಅವರನ್ನು ನೋಡಿ ನಿಜಕ್ಕೂ ಕನಿಕರವಾಯಿತು.

ಮರುದಿನವೇ ಅವರು ಪ್ರೇರಿ ಕ್ರೌನ್‌ಗೆ ನಿಷ್ಠೆಯ ಪ್ರಮಾಣ ಸ್ವೀಕರಿಸಿದರು. ನಾನು ಓದಿದೆ, ಅವರು ಬಲಗೈ ಎತ್ತಿ ಪುನರುಚ್ಚರಿಸಿದರು. ಲೊರೇನ್ ಕಿಟಕಿಯಾಚೆ ನೋಡುತ್ತ ಪುನರುಚ್ಚರಿಸಿದರು.

ಕಿರೀಟ ದರ್ಜೆಗೆ ಡಿಸೆಂಬರ್ ಮೂವತ್ತೊಂದರೊಳಗೆ ನಲವತ್ತು ಸಲ ಹಾರಬೇಕು. ಹೋಗುವುದು ಒಂದು, ಬರುವುದು ಒಂದು. ವೆಂಡೆಲ್ ಅವರು ನಮ್ಮೆಲ್ಲರಂತೆ ಬೆಳಿಗ್ಗೆ ಡೆನ್ವರ್‌ಗೆ ಹೋಗಿ, ಗೇಟು ಬಿಟ್ಟು ಕದಲದೆ ಒಂದು ಉಪ್ಪಿನ ಬಿಸ್ಕತ್ತು ತಿಂದು, ಅದೇ ವಿಮಾನದಲ್ಲಿ ಅದೇ ಸೀಟಿನಲ್ಲಿ ಸಂಜೆಗೆ ಮನೆ ಸೇರತೊಡಗಿದರು. ಎಲ್ಲಿಗೂ ಹೋಗದೆ ಹಾರುವವರನ್ನು ನೋಡಿ ಡೆನ್ವರ್‌ನವರು ನಗುತ್ತಾರೆ. ಅವರ ಊರಿನಿಂದ ವಿಮಾನ ಯಾವತ್ತೂ ಓಡಿಹೋಗಿಲ್ಲ, ಅವರಿಗೇನು ಗೊತ್ತು.

ಅಕ್ಟೋಬರ್ ಹೊತ್ತಿಗೆ ವೆಂಡೆಲ್ ಅವರದು ಮೂವತ್ತನಾಲ್ಕಾಗಿತ್ತು. ಆಗ ಟೆಸ್‌ಗೆ ಹತ್ತು ದಿನ ಮುಂಚೆಯೇ ನೋವು ಶುರುವಾಯಿತು.

ಲೊರೇನ್ ಕಾರಿನ ಡಿಕ್ಕಿಯಲ್ಲಿ ಸೂಟ್‌ಕೇಸಿಟ್ಟು ಕಂಬಳಿ ಹೊದಿಸಿದರು. “ಬಾ ವೆಂಡೆಲ್, ಹತ್ತು. ಸಂಜೆಯೊಳಗೆ ಅವಳ ಹತ್ರ ಇರ್ತೀವಿ” ಎಂದರು. ಈ ಮಾತನ್ನು ವೆಂಡೆಲ್ ಅವರೇ ಆಮೇಲೆ ನನಗೆ ಹೇಳಿದ್ದು.

“ಪ್ರಮಾಣ ಮಾಡಿದೀನಿ ಕಣೆ.”

“ಮಗಳಿಗೆ ಹೆರಿಗೆ ಕಣೋ.”

“ಗೊತ್ತು. ನಾನು ಡೆನ್ವರ್ ಮೇಲೆ ಬರ್ತೀನಿ. ಟಿಕೆಟ್ ಪ್ರಕಾರ ಹನ್ನೊಂದು ಗಂಟೆ ಸಾಕು.”

ಹೆದ್ದಾರಿಯ ಮೇಜಿನ ಹತ್ತಿರ ಆರ್ಲೋ ಮತ್ತು ನಾನು ಇದ್ದೆವು. ಲೊರೇನ್ ಕಾರು ನಿಲ್ಲಿಸಿ, ಕಾಫಿ ಬೇಡವೆಂದರು. ಎಲ್ಕ್ ಬ್ಲಫ್‌ನಲ್ಲಿ ಹಾಗೆ ಯಾರೂ ಹೇಳಿದ್ದಿಲ್ಲ.

“ಸೋಫಾ ಕೊಳ್ಳೋಕೆ” ಎಂದರು, ಕೇಳುವ ಮೊದಲೇ.

“ಈ ವಾರ ಇದು ಆರನೇ ಸೋಫಾ” ಎಂದರು ಆರ್ಲೋ, ಯಾವ ದ್ವೇಷವೂ ಇಲ್ಲದೆ. “ಮಗಳಿಗೆ ಒಳ್ಳೇದಾಗ್ಲಿ ಲೊರೇನ್.”

ಅಂದು ಸಂಜೆ ಬಾಸ್ಟನ್‌ನಲ್ಲಿ ಹೆಣ್ಣುಮಗು ಹುಟ್ಟಿತು. ಐವಿ ಎಂದು ಹೆಸರಿಟ್ಟರು. ಲೊರೇನ್ ಅಲ್ಲಿದ್ದರು. ವೆಂಡೆಲ್ ಡೆನ್ವರ್‌ನಲ್ಲಿದ್ದರು. ಅವರ ಮುಂದಿನ ವಿಮಾನಕ್ಕೆ ಪೈಲಟ್ ಇರಲಿಲ್ಲ. ಪೈಲಟ್ ಸಿಕ್ಕಾಗ ವಿಮಾನ ಇರಲಿಲ್ಲ. ಎರಡೂ ಸೇರಿದಾಗ ಅವರ ಟಿಕೆಟಿನ ಅವಧಿ ಮುಗಿದಿತ್ತು. ಸಂಸ್ಥೆ ಅವರನ್ನು ಕ್ಷಮಾಪಣೆಯೊಂದಿಗೆ ಎಲ್ಕ್ ಬ್ಲಫ್‌ಗೆ ವಾಪಸು ತಂದು ಬಿಟ್ಟಿತು. ನವೆಂಬರ್‌ನಲ್ಲಿ ಮತ್ತೆ ಹೊರಟರು, ಡೆನ್ವರ್‌ನಿಂದಲೇ ಮರಳಿದರು. ಡಿಸೆಂಬರ್ ಇಪ್ಪತ್ತೆಂಟರಂದು ಮೊಮ್ಮಗಳಿಗೊಂದು ಉಣ್ಣೆಯ ಟೋಪಿ ಹಿಡಿದು ಮೂರನೇ ಸಲ ಹೊರಟು, ಟೋಪಿಯ ಸಮೇತ ಮರಳಿದರು. ಇಳಿದಾಗ ಗೇಟಿನಲ್ಲಿ ಸಂಸ್ಥೆಯವರು ಬಲೂನು ಹಿಡಿದು ನಿಂತಿದ್ದರು. ಮೂರು ವಿಫಲ ಪ್ರಯಾಣಗಳ ಆರು ಹಾರಾಟ ಸೇರಿ ಸರಿಯಾಗಿ ನಲವತ್ತಾಗಿತ್ತು. ಕಿತ್ತಳೆ ಬಿಲ್ಲೆಯನ್ನು ಆರ್ಲೋ ಸ್ವತಃ ಅವರ ಚೀಲಕ್ಕೆ ಕಟ್ಟಿದರು. ವೆಂಡೆಲ್ ಎಲ್ಲರ ಕೈ ಕುಲುಕಿದರು, ಆಮೇಲೆ ಟೋಪಿಯನ್ನು ಜೇಬಿನಲ್ಲಿಟ್ಟುಕೊಂಡರು. ಇದು ನಡಾವಳಿಯಲ್ಲಿ ಇಲ್ಲ.

ಅಂಥ ನಿಷ್ಠೆಯನ್ನು ಊರು ಮರೆಯುವುದಿಲ್ಲ. ಜನವರಿಯಲ್ಲಿ ಅವರನ್ನು ಸೋರಿಕೆ ತಡೆ ಸಮಿತಿಗೆ ಅವಿರೋಧವಾಗಿ ಆರಿಸಲಾಯಿತು. ಲೊರೇನ್ ಮತ ಹಾಕಲಿಲ್ಲ. ಗುರುವಾರದ ಪತ್ರಿಕೆಯಲ್ಲಿ ಹೆಸರು ಬಂದವರಿಗೆ ಒಂದು ವರ್ಷ ಮತವಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಹೆದ್ದಾರಿಯ ಮೇಜಿನ ಬಳಿ ವೆಂಡೆಲ್ ಮತ್ತು ನಾನು ಕೂತಿದ್ದೆವು. ದಕ್ಷಿಣದಿಂದ ಲೊರೇನ್ ಅವರ ಕಾರು ಬಂತು. ಬೆಳಿಗ್ಗೆ ಸೋಫಾ ಎಂದು ಹೋಗಿದ್ದರು. ಹಿಂದಿನ ಸೀಟಿನಲ್ಲಿ ಒಬ್ಬ ತರುಣಿ, ಪಕ್ಕದಲ್ಲಿ ಮಗುವಿನ ಕುರ್ಚಿ.

ವೆಂಡೆಲ್ ಎದ್ದು ನಿಂತರು. ಕೈಯಲ್ಲಿ ಸೋರಿಕೆ ಬರೆದುಕೊಳ್ಳುವ ಫಾರಂ ಇತ್ತು.

“ಸೋಫಾ ಎಲ್ಲಿ?” ಎಂದು ಕೇಳಿದರು. ಕೇಳಲೇಬೇಕಾದ ಪ್ರಶ್ನೆ ಅದು.

“ಇದೇ ಸೋಫಾ. ನೋಡ್ಕೋ” ಎಂದರು ಲೊರೇನ್.

ಟೆಸ್ ಮಗುವನ್ನು ಎತ್ತಿಕೊಂಡು ಕೆಳಗಿಳಿದಳು. “ಏಳು ತಿಂಗಳಾಯ್ತಪ್ಪ. ನೀನು ಬರ್ತೀಯ ಬರ್ತೀಯ ಅಂತ ಕಾದು, ನಾನೇ ಬಂದೆ. ಎತ್ಕೋ ಇವಳನ್ನ.”

“ಯಾವ ದಾರೀಲಿ ಬಂದ್ರಿ?”

“ಅಪ್ಪ.”

“ಬರ್ಕೋಬೇಕು ಟೆಸ್. ಎಲ್ಲರಿಗೂ ಬರ್ಕೋತೀವಿ.”

ಅವರು ನನ್ನ ಕಡೆ ನೋಡಿದರು. ನಾನು ಕೈಪಿಡಿ ತೆಗೆದು ಹದಿನಾಲ್ಕನೇ ನಿಯಮವನ್ನು ಓದಿದೆ. ಸೋರಿಕೆಯ ಮೂಲಕ ಬಂದ ಅತಿಥಿಯನ್ನು, ಡೆನ್ವರ್‌ಗೆ ಹೋಗಿ ಕ್ರಮಬದ್ಧವಾಗಿ ಬರುವ ತನಕ, ಬಂದಿಲ್ಲವೆಂದೇ ಪರಿಗಣಿಸತಕ್ಕದ್ದು. ಆದರೆ ಉಪನಿಯಮ ಮೂರರ ಪ್ರಕಾರ ಎರಡು ವರ್ಷದೊಳಗಿನ, ಸೀಟಿಲ್ಲದೆ ಮಡಿಲಲ್ಲಿ ಕೂರುವ ಮಗು ಪ್ರಯಾಣಿಕನಲ್ಲ. ಪ್ರಯಾಣಿಕನಲ್ಲದ್ದು ಸೋರಲಾರದು.

“ಅಂದ್ರೆ ಐವಿ ಬಂದಿದಾಳೆ” ಎಂದರು ವೆಂಡೆಲ್.

“ಐವಿ ಬಂದಿದಾಳೆ” ಎಂದೆ. “ಟೆಸ್ ಬಂದಿಲ್ಲ.”

ಅವರು ಮಗುವನ್ನು ಎತ್ತಿಕೊಂಡರು. ಜೇಬಿನಿಂದ ಉಣ್ಣೆಯ ಟೋಪಿ ತೆಗೆದು ಹಾಕಲು ನೋಡಿದರು, ಅದು ಚಿಕ್ಕದಾಗಿತ್ತು. ಮೇ ತಿಂಗಳ ಬಿಸಿಲಿನಲ್ಲಿ ಆ ಟೋಪಿಯನ್ನು ಮಗುವಿನ ನೆತ್ತಿಯ ಮೇಲೆ ಸುಮ್ಮನೆ ಇಟ್ಟು ಹಿಡಿದುಕೊಂಡು ತುಂಬ ಹೊತ್ತು ನಿಂತರು. ಆಮೇಲೆ ಮಗುವನ್ನು ಎಡಗೈಗೆ ಬದಲಾಯಿಸಿಕೊಂಡು ಬಲಗೈಯಲ್ಲಿ ಮಗಳ ಫಾರಂಗೆ ಸಹಿ ಮಾಡಿದರು.

ಆ ದಿನ ಟೆಸ್ ತವರಿನಲ್ಲೇ ಇದ್ದಳು, ಬಂದಿಲ್ಲದ ಸ್ಥಿತಿಯಲ್ಲಿ. ನೆರೆಹೊರೆಯವರು ಊಟದ ತಟ್ಟೆಗಳನ್ನು ಹಿಡಿದು ಬಂದು ಮಗುವನ್ನು ಮುದ್ದಾಡಿದರು, ಟೆಸ್‌ಳನ್ನು ಮಾತನಾಡಿಸಲಿಲ್ಲ. ಒರಟುತನದಿಂದಲ್ಲ. ಬಂದಿಲ್ಲದವರನ್ನು ಏನೆಂದು ಮಾತನಾಡಿಸುವುದು? ಅವಳ ಎದುರಿಗೇ ಒಬ್ಬರು ಲೊರೇನ್‌ರನ್ನು “ಮಗಳು ಯಾವಾಗ ಬರ್ತಾಳೆ?” ಎಂದು ಕೇಳಿದರು. “ನಾಳೆ ಸಂಜೆ” ಎಂದರು ಲೊರೇನ್, ಸುಸ್ತಾಗಿ.

ಮರುದಿನ ಟೆಸ್ ಬೆಳಗಿನ ವಿಮಾನದಲ್ಲಿ ಡೆನ್ವರ್‌ಗೆ ಹೋಗಿ ಸಂಜೆಯದರಲ್ಲಿ ಬಂದಳು. ಸ್ವಾಗತಕ್ಕೆ ಅರ್ಧ ಊರು ನಿಲ್ದಾಣದಲ್ಲಿತ್ತು. ಎಲ್ಲರೂ ಇಳಿದ ಮೇಲೆ ಕೊನೆಯವಳಾಗಿ ಇಳಿದಳು, ಚೀಲವನ್ನು ಎದೆಗವಚಿಕೊಂಡು. ನೆರೆಯವರು ಮುಗಿಬಿದ್ದು ಅಪ್ಪಿಕೊಂಡರು. ಎಷ್ಟು ದಿನದಿಂದ ನಿನ್ನನ್ನು ನೋಡಬೇಕೆಂದಿದ್ದೆವು ಎಂದರು. ವೆಂಡೆಲ್ ಮಗುವನ್ನು ಅವಳ ಕೈಗೆ ಕೊಟ್ಟರು. ಅವಳು ತಂದೆಯ ಮುಖ ನೋಡಲಿಲ್ಲ. ಅವರ ಚೀಲದ ಕಿತ್ತಳೆ ಬಿಲ್ಲೆಯನ್ನು ನೋಡುತ್ತಿದ್ದಳು.

“ಎಲ್ಲರನ್ನೂ ಕರೆದ್ರು ಅಪ್ಪ” ಎಂದಳು. “ಪಾದ್ರಿನ ಕೂಡ. ನಾನೊಬ್ಬಳೇ ಉಳಿದೆ. ಎರಡನೇ ಗುಂಪು, ಮೂರನೇ ಗುಂಪು ಅಂತ ಖಾಲಿ ಹಾಲಲ್ಲಿ ಕೂಗ್ತಾನೇ ಇದ್ರು.”

“ಗೊತ್ತಮ್ಮ” ಎಂದರು ವೆಂಡೆಲ್.

“ಒಂದನೇ ಗುಂಪಿಗೆ ಎಷ್ಟು ಸಲ ಹಾರ್ಬೇಕು?”

ವೆಂಡೆಲ್ ಅವರ ಕಣ್ಣಲ್ಲಿ ನೀರು ಬಂತು. ಲೆಕ್ಕವನ್ನು ನಾನೇ ಹೇಳಿದೆ, ನಲವತ್ತು, ಇವತ್ತಿನ ಎರಡು ಕಳೆದರೆ ಮೂವತ್ತೆಂಟು ಉಳಿಯಿತು ಎಂದು. ಮಗುವನ್ನು ಜೊತೆಗೆ ಕರೆದುಕೊಂಡು ಹಾರಬಹುದು, ಆದರೆ ಎರಡು ವರ್ಷ ತುಂಬುವವರೆಗೆ ಅದರ ಹಾರಾಟ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನೂ ತಿಳಿಸಿದೆ.

“ಅದ್ಯಾವ ನ್ಯಾಯ?” ಎಂದು ಲೊರೇನ್ ಮುಂದೆ ಬಂದರು. “ಮಗುನೂ ಅಷ್ಟೇ ದೂರ ಹಾರುತ್ತಲ್ವಾ?”

ಅವರ ಆಕ್ಷೇಪಣೆ ಸಕಾರಣವಾದುದೆಂದು ಕಂಡುಬಂದಿದ್ದರಿಂದ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿದ್ದೇನೆ.