ಸೋಡಿಯಂ ಮಾವನ ಎರಡನೇ ಎಲೆಕ್ಟ್ರಾನು

ಮದರಾಸಿಗೆ ಹೋಗಿ ಓದಿ ಬಂದವನು ನಾನು. ಸಿರುಗುಪ್ಪದ ಹೈಸ್ಕೂಲಿನಲ್ಲಿ ವಿಜ್ಞಾನ ಬಲ್ಲವನು ನಾನೊಬ್ಬನೇ ಎಂದು ನಂಬಿದ್ದೆ. ಉಳಿದ ಮೇಷ್ಟ್ರುಗಳದ್ದು ಬರೀ ಗಿಳಿಪಾಠ, ಗಿಳಿಯೂ ನಾಚಬೇಕು! ಆಗ ಇನ್ನೂ ಮದರಾಸು ಸರಕಾರದ ಆಳ್ವಿಕೆ. ನನ್ನ ನೌಕರಿ ಟೆಂಪರರಿ. ಬಳ್ಳಾರಿಯಿಂದ ಬರುವ ಇನ್ಸ್‌ಪೆಕ್ಟರು ನನ್ನ ಪಾಠ ಮೆಚ್ಚಿದರೆ ಕಾಯಂ. ಇಲ್ಲದಿದ್ದರೆ ಹೆಂಡತಿ ಸಮೇತ ಕುರುಗೋಡಿನ ಮಾವನ ಮನೆಯಲ್ಲಿ ರೊಟ್ಟಿಗೆ ಕಾಯುವುದೇ ಗತಿ.

ನಾನು ಆರಿಸಿದ ಪಾಠ ಅಯಾನೀಕರಣ ಶಕ್ತಿ. ಅಂದರೆ ಪರಮಾಣುವಿನ ಹೊರಗಿನ ಎಲೆಕ್ಟ್ರಾನನ್ನು ಕಿತ್ತುಕೊಳ್ಳಲು ಎಷ್ಟು ಶಕ್ತಿ ಬೇಕು ಎಂಬ ವಿಚಾರ. ಆವರ್ತಕೋಷ್ಟಕದ ಸಾಲಿನಲ್ಲಿ ಎಡದಿಂದ ಬಲಕ್ಕೆ ಹೋದಂತೆ ಹಿಡಿತ ಬಿಗಿ. ಬೋರ್ಡಿನ ಮೇಲೆ ಬರೆದರೆ ನನ್ನ ಕ್ಲಾಸಿನ ಮಣ್ಣಿನ ಮುದ್ದೆಗಳಿಗೆ ತಿಳಿದೀತೇ? ಊರ ಹಿರಿಯರನ್ನು ಧಾತುಗಳಂತೆ ಸಾಲಾಗಿ ಕೂಡಿಸಿ, ಅವರ ಹೆಗಲ ಮೇಲಿನ ಟವಲನ್ನೇ ಎಲೆಕ್ಟ್ರಾನ್ ಎಂದು ಎಳೆದು ತೋರಿಸಲು ತೀರ್ಮಾನಿಸಿದೆ.

ನನ್ನ ಹೆಂಡತಿ ನೀಲಮ್ಮ ಹೇಳಿದಳು: “ಬೋರ್ಡಿನ ಮ್ಯಾಲೆ ಬರದು ತೋರಿಸ್ರಿ, ಸಾಕು. ಮಂದಿ ಮೈಮ್ಯಾಲಿನ ಬಟ್ಟಿಗೆ ಯಾಕ ಕೈ ಹಾಕ್ತೀರಿ?”

“ನಿನಗ ಸೈನ್ಸ್ ತಿಳಿಯಂಗಿಲ್ಲ, ಸುಮ್ಕಿರು.”

“ಸೈನ್ಸ್ ತಿಳಿಯಂಗಿಲ್ಲರಿ. ಆದ್ರ ನೀವು ಎಂಥವ್ರಂತ ಚಲೋ ತಿಳೀತೈತಿ!”

ಇನ್ಸ್‌ಪೆಕ್ಟರು ಬಂದರು. ಸಾಲಿನ ಎಡ ತುದಿಗೆ ಸೋಡಿಯಂ ಆಗಿ ನಮ್ಮ ಮಾವ ಕೂತರು. ಮಗಳನ್ನು ನೋಡಲು ಬಂದಿದ್ದ ಸಾಧು ಮನುಷ್ಯ. ಯಾರು ಏನು ಕೇಳಿದರೂ ಕೊಟ್ಟುಬಿಡುವವರು. ಬಲ ತುದಿಯ ಆರ್ಗಾನ್ ಸ್ಥಾನ ಶಾಲೆಯ ಕಮಿಟಿ ಅಧ್ಯಕ್ಷರಾದ ಅಕ್ಕಿ ಗಿರಣಿ ಸಾಹುಕಾರರಿಗೆ. ಎಂಜಲು ಕೈಯಲ್ಲಿ ಕಾಗೆ ಓಡಿಸದ ಆಸಾಮಿ! ಇದಕ್ಕಿಂತ ಉತ್ತಮ ಆರ್ಗಾನ್ ಜಗತ್ತಿನಲ್ಲೇ ಇರಲಿಲ್ಲ.

ಮಾವನ ಟವಲು ಮುಟ್ಟುವ ಮೊದಲೇ ಬಂತು. ಎರಡನೆಯವರದು, ಅಂದರೆ ಮೆಗ್ನೀಷಿಯಂನದು, ಸ್ವಲ್ಪ ತಡೆದು ಬಂತು. ಮೂರನೆಯವರು, ಅಲ್ಯೂಮಿನಿಯಂ, ರಾರಾವಿಯ ಒಬ್ಬ ರೈತರು. ಅವರು ತೂಕಡಿಸುತ್ತಿದ್ದರು. ಟವಲು ಸಲೀಸಾಗಿ ಜಾರಿತು.

“ಬಿಗಿ ಹಿಡ್ಕಳ್ರಿ! ಸಾಲಿನಾಗ ಮುಂದಕ್ಕ ಬಂದೀರಿ!” ಎಂದು ಗದರಿದೆ.

“ಬಿಡಯ್ಯಾ, ಅವರೇ ಸರಿ,” ಎಂದರು ಇನ್ಸ್‌ಪೆಕ್ಟರು. “ಅಲ್ಯೂಮಿನಿಯಂನದು ಮೆಗ್ನೀಷಿಯಂಗಿಂತ ಕಡಿಮೆ. ಓದಿಲ್ಲವೇ?”

ಓದಿದ್ದೆ, ಮರೆತಿದ್ದೆ! ನಿದ್ದೆಗಣ್ಣಿನ ಮನುಷ್ಯನಿಗಿಂತ ಕಡೆಯಾದೆ. ಮೈಯೆಲ್ಲ ಉರಿಯಿತು. ಮರ್ಯಾದೆ ಉಳಿಸಿಕೊಳ್ಳಲು ನೇರ ಬಲ ತುದಿಗೆ ಹಾರಿ ಸಾಹುಕಾರರ ಟವಲು ಎಳೆದೆ. ಎರಡೂ ಕೈಯಲ್ಲಿ ಎಳೆದೆ. ಬರಲಿಲ್ಲ. ಹುಡುಗರು ನಕ್ಕರು, ಸಾಹುಕಾರರು ಕೆಂಪಾದರು, ಆದರೆ ಇನ್ಸ್‌ಪೆಕ್ಟರು ತಲೆದೂಗಿದರು. ನೌಕರಿ ಕೈಗೆ ಬಂತೆಂದೇ ತಿಳಿದೆ.

ಅವರು ಕೊನೆಯದಾಗಿ ಕೇಳಿದರು: “ಒಂದು ಕಳೆದುಕೊಂಡ ಸೋಡಿಯಂನಿಂದ ಇನ್ನೊಂದು ಎಲೆಕ್ಟ್ರಾನ್ ತೆಗೆಯಬೇಕಾದರೆ?”

ಉತ್ತರ ಗೊತ್ತಿತ್ತು. ಮೊದಲಿನದಕ್ಕಿಂತ ಸುಮಾರು ಒಂಬತ್ತು ಪಟ್ಟು ಶಕ್ತಿ ಬೇಕು. ಬಾಯಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಮಾವನ ಹೆಗಲು ಖಾಲಿ. ಮೇಲೆ ಉಳಿದದ್ದು ತಲೆಯ ರುಮಾಲು. ಕೈ ಹಾಕಿ ಎಳೆದೇಬಿಟ್ಟೆ!

ನಮ್ಮ ಸೀಮೆಯಲ್ಲಿ ಗಂಡಸಿನ ಜೀವ ತೆಗೆದರೂ ಕ್ಷಮೆ ಸಿಕ್ಕೀತು, ರುಮಾಲು ತೆಗೆದರೆ ಇಲ್ಲ. ಮಾವ ಎದ್ದರು. ಆ ಸಾಧು ಕೈ ನನ್ನ ರಟ್ಟೆ ಹಿಡಿದದ್ದಷ್ಟೇ ನೆನಪು. ಮುಂದೆ ನಾನು ಬೋರ್ಡಿನ ಬುಡದಲ್ಲಿದ್ದೆ. ಒಂಬತ್ತು ಪಟ್ಟು ಎಂದು ಬರೆದವನು ಮಾವನನ್ನು ಕಂಡಿರಲಿಲ್ಲ.

“ಏಮಯ್ಯಾ,” ಎಂದರು ಇನ್ಸ್‌ಪೆಕ್ಟರು, “ಈ ಪಾಠವನ್ನು ಹುಡುಗರು ಸಾಯುವವರೆಗೂ ಮರೆಯುವುದಿಲ್ಲ. ಆದರೆ ಹೆಣ್ಣು ಕೊಟ್ಟ ಮಾವನ ತಲೆಗೇ ಬೆಲೆ ಕೊಡದವನ ಕೈಗೆ ಇಷ್ಟು ಹುಡುಗರ ತಲೆ ಹೇಗೆ ಒಪ್ಪಿಸಲಿ?” ಸಾಹುಕಾರರು ಎಲ್ಲರಿಗಿಂತ ಮೊದಲು ಹೌದೆಂದರು. ಅವರು ಬಿಟ್ಟುಕೊಟ್ಟ ಮೊದಲ ವಸ್ತು ನಾನೇ!

ನೌಕರಿ ಹೋಯಿತು. ಕುರುಗೋಡಿಗೆ ಹೋಗಿ, ಹಿರಿಯರ ಎದುರು ಮಾವನಿಗೆ ಹೊಸ ರುಮಾಲನ್ನು ನನ್ನ ಕೈಯಾರೆ ಸುತ್ತಿ ತಪ್ಪು ಒಪ್ಪಿಕೊಳ್ಳಬೇಕೆಂದು ಪಂಚರು ಹೇಳಿದರು. ಸುತ್ತಿದೆ. ಕಣ್ಣಿನ ಮೇಲೆ ಜಾರಿತು. ಮತ್ತೆ ಸುತ್ತಿದೆ. ಕೊರಳಿಗೆ ಬಂತು. ನೀಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ಮಾವ ನಿಧಾನವಾಗಿ ರುಮಾಲು ಬಿಡಿಸಿಕೊಂಡರು. “ಅಳಿಯಂದ್ರ, ಬಿಚ್ಚಾಕ ಮದರಾಸಿಗೆ ಹೋಗಿ ಕಲ್ತು ಬಂದ್ರಿ. ಸುತ್ತಾಕ ಇಲ್ಲೇ ಕಲೀರಿ. ಹೆಂಗೂ ಇಲ್ಲೇ ಇರ್ತೀರಲ್ಲ!”

ಅಂದಿನಿಂದ ದಿನಾ ಬೆಳಿಗ್ಗೆ ಮಾವನ ರುಮಾಲು ನೆಟ್ಟಗೆ ಸುತ್ತಿದ ಮೇಲೆಯೇ ನನಗೆ ರೊಟ್ಟಿ.